ಅಥೆನ್ಸಿನ ಪಾನಾಥೆನೈಕ ಕ್ರೀಡಾಂಗಣ

೧

ಬಿ. ಎಂ. ಶ್ರೀಕಂಠಯ್ಯನವರು ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಮೇಲೆ ಅಥೆನ್ಸ್ ನಗರದ ನಾಟಕರಂಗವು ಕನ್ನಡದ ಅಧ್ಯಾಪಕರಿಗೆ ಪರಿಚಿತವಾದ ವಿಷಯವಾಗಿದೆ. ಅದೇ ನಗರದ ಮತ್ತೊಂದು ರಂಗದ ವಿಚಾರವು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದು ಓಟ, ಜಿಗಿತ, ಕುಸ್ತಿ ಮೊದಲಾದ ಆಟಗಳಿಗಾಗಿ ಕ್ರಿ. ಪೂ. ೪ನೆಯ ಶತಮಾನದಲ್ಲಿ ಏರ್ಪಟ್ಟು, ಕ್ರಿ. ಶ. ೨ನೆಯ ಶತಮಾನದಲ್ಲಿ ಅಮೃತಶಿಲೆಯ ಕಟ್ಟಡವಾಗಿ, ಅನಂತರ ಸಾವಿರ ವರ್ಷಕ್ಕೂ ಮಿಕ್ಕಿ ಹಾಳುಬಿದ್ದು, ೧೮೯೬ರಲ್ಲಿ ಮತ್ತೆ ತಲೆಯೆತ್ತಿದ ಪಾನಾಥೆನೈಕ ಕ್ರೀಡಾಂಗಣ. ಅಥೆನ್ಸಿನ ಜನರು ಇದನ್ನು ‘ಕಲ್ಲಿಮಾರ್ಮಾರೊ’ ಎಂದೂ ಕರೆಯುತ್ತಾರೆ. ಚೆಲುವಾದ ಅಮೃತಶಿಲೆಯದು ಎಂದು ಆ ಮಾತಿನ ಅರ್ಥ.

ಕ್ರೀಡಾಂಗಣಕ್ಕೆ ಗ್ರೀಕರು ಹೇಳುತ್ತಿದ್ದ ಶಬ್ದ ‘ಸ್ಟಾಡಿಯೊನ್’. ಈ ಶಬ್ದಕ್ಕೆ ಮೂರು ಅರ್ಥಗಳುಂಟು. ಮೊದಲನೆಯದು ಆರುನೂರು ಅಡಿಗಳ ಒಂದು ಅಳತೆ. ಎರಡನೆಯದು ಆ ಅಳತೆಯಷ್ಟು ದೂರದ ಓಟ. ಮೂರನೆಯದು ಆ ಓಟವು ನಡೆಯುವ ಸ್ಥಳ. ಕನ್ನಡನಾಡಿನ ಶಾಸನಗಳಲ್ಲಿ ಭೂಮಿಯನ್ನಳೆಯುವ ಗಳೆಯು ಊರಿಂದೂರಿಗೆ ಬೇರೆಯಾಗಿರುವಂತೆಯೇ ಗ್ರೀಕರ ಅಡಿಯೂ ನಗರದಿಂದ ನಗರಕ್ಕೆ ಬೇರೆಯಾಗಿತ್ತು. ಆದಕಾರಣ ಒಲಿಂಪಿಯದ ಸ್ಟಾಡಿಯೊನ್ ಸುಮಾರು ೧೯೨ ಮೀಟರುಗಳಾದರೆ ಡೆಲ್ಫಿಯದು ಸುಮಾರು ೧೭೮ ಮೀಟರುಗಳು. ಅಥೆನ್ಸಿನದು ಇವೆರಡರ ನಡುವೆ ಸುಮಾರು ೧೮೫ ಮೀಟರುಗಳು. ಅಳತೆಯ ಹೆಸರು ಆಟಕ್ಕೂ, ಆಟದ ಹೆಸರು ಸ್ಥಳಕ್ಕೂ ಹೀಗೆ ಸಂದಿತು.

‘ಪಾನಾಥೆನೈಕ’ ಎಂಬ ವಿಶೇಷಣವು ಪಾನಾಥೆನೈಯ ಉತ್ಸವದಿಂದ ಬಂದುದು. ‘ಪಾನ್’ ಎಂದರೆ ಸರ್ವ. ಆದುದರಿಂದ ಈ ಉತ್ಸವವು ಅಥೆನಿಯರೆಲ್ಲರಿಗೂ ಸೇರಿದುದೆಂದು ಹೆಸರೇ ಸಾರುತ್ತದೆ. ಉತ್ಸವದ ಅಂಗಣವೂ ಹಾಗೆಯೇ ಎಲ್ಲರದಾಗಬೇಕಷ್ಟೆ. ಇದು ಎಷ್ಟರಮಟ್ಟಿಗೆ ಎಲ್ಲರದಾಗಿತ್ತು, ಯಾರ ದ್ರವ್ಯದಿಂದ ಕಟ್ಟಲ್ಪಟ್ಟಿತು, ಯಾರನ್ನು ಒಳಗೆ ಬಿಟ್ಟು ಯಾರನ್ನು ಹೊರಗೆ ನಿಲ್ಲಿಸಿತು ಎಂಬುದನ್ನು ಕಾಲಕ್ರಮದಿಂದ ನೋಡುತ್ತ ಬಂದರೆ, ಹೆಸರಿಗೂ ನಿಜಸ್ಥಿತಿಗೂ ಇದ್ದ ಅಂತರವು ಈ ಕಟ್ಟಡದ ಇತಿಹಾಸದ ಮುಖ್ಯ ಸೂತ್ರವೆಂಬುದು ಗೊತ್ತಾಗುತ್ತದೆ.

೨

ಪಾನಾಥೆನೈಯ ಉತ್ಸವವು ನಗರದೇವತೆಯಾದ ಅಥೀನಳಿಗೆ ಸಲ್ಲುತ್ತಿತ್ತು. ವರ್ಷವರ್ಷವೂ ನಡೆಯುತ್ತಿದ್ದ ಈ ಉತ್ಸವವನ್ನು ಕ್ರಿ. ಪೂ. ೫೬೬ರಿಂದ ನಾಲ್ಕು ವರ್ಷಗಳಿಗೊಮ್ಮೆ ವಿಶೇಷ ವೈಭವದಿಂದ ಆಚರಿಸುವ ಪದ್ಧತಿಯು ಏರ್ಪಟ್ಟಿತು. ಮೆರವಣಿಗೆ, ಬಲಿ, ಸಂಗೀತ, ಕಾವ್ಯವಾಚನಗಳ ಜೊತೆಗೆ ದೇಹಬಲದ ಪಂದ್ಯಗಳೂ ಇದರ ಅಂಗವಾಗಿದ್ದುವು. ಗೆದ್ದವರಿಗೆ ದೇವತೆಯ ಆಲಿವ್ ಮರಗಳ ಎಣ್ಣೆಯನ್ನು ಚಿತ್ರ ಬರೆದ ಮಣ್ಣಿನ ಕೊಡಗಳಲ್ಲಿ ತುಂಬಿಕೊಡುತ್ತಿದ್ದರು. ಕೊಡದ ಒಂದು ಮಗ್ಗುಲಲ್ಲಿ ಆಯುಧ ಹಿಡಿದ ಅಥೀನಳೂ ಮತ್ತೊಂದು ಮಗ್ಗುಲಲ್ಲಿ ಗೆದ್ದ ಪಂದ್ಯದ ಚಿತ್ರವೂ ಇರುತ್ತಿದ್ದುವು. ಪಂದ್ಯಗಳಲ್ಲಿ ಕೆಲವು ಗ್ರೀಕರೆಲ್ಲರಿಗೂ ತೆರೆದಿದ್ದುವು. ಕೆಲವು ಅಥೆನ್ಸಿನ ಪೌರರಿಗೆ ಮಾತ್ರ ಮೀಸಲಾಗಿದ್ದುವು.

ಈ ಪಂದ್ಯಗಳಿಗೆ ಒಂದು ಶಾಶ್ವತವಾದ ಸ್ಥಳವನ್ನು ಒದಗಿಸಿದವನು ಲೈಕರ್ಗಸನೆಂಬ ವಾಗ್ಮಿ. ಕ್ರಿ. ಪೂ. ೩೩೮ರಲ್ಲಿ ಕೈರೊನಿಯದ ಯುದ್ಧದಲ್ಲಿ ಮ್ಯಾಸಿಡೋನಿಯದ ಫಿಲಿಪ್ಪನು ಅಥೆನಿಯರನ್ನು ಸೋಲಿಸಿದನು. ಸೋತ ನಗರದ ಬೊಕ್ಕಸವನ್ನು ಸುಮಾರು ಹನ್ನೆರಡು ವರ್ಷಗಳ ಕಾಲ ನಡೆಸಿದವನೇ ಈ ಲೈಕರ್ಗಸ್. ಡಯೊನೈಸಸನ ನಾಟಕಶಾಲೆಯನ್ನು ಕಲ್ಲಿನಿಂದ ಪೂರ್ಣಗೊಳಿಸಿದವನೂ, ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸ್ ಇವರ ನಾಟಕಗಳ ಪ್ರಮಾಣಪ್ರತಿಗಳನ್ನು ಬರೆಯಿಸಿ ನಗರದ ವಶದಲ್ಲಿರಿಸಿದವನೂ ಇವನೇ. ರಣದಲ್ಲಿ ಸೋತ ಜನಕ್ಕೆ ನಾಟಕಪಾಠಗಳ ಸಂರಕ್ಷಣೆ, ನಾಟಕಶಾಲೆ, ಕ್ರೀಡಾಂಗಣ ಇವು ಮೂರನ್ನೂ ಒಬ್ಬನೇ ಒಂದೇ ಕಾಲದಲ್ಲಿ ಏರ್ಪಡಿಸಿದನೆಂಬುದು ಸಾಹಿತ್ಯಚರಿತ್ರೆಯನ್ನು ಓದುವವರು ಗಮನಿಸತಕ್ಕ ಸಂಗತಿ.

ಸ್ಥಳದ ಆಯ್ಕೆಯಲ್ಲಿ ಲೈಕರ್ಗಸನ ವಿವೇಕವು ಕಾಣುತ್ತದೆ. ನಗರದ ಆಗ್ನೇಯದಲ್ಲಿ, ಇಲಿಸ್ಸಸ್ ಹೊಳೆಯ ಆಚೆಗೆ, ಆಗ್ರ ಮತ್ತು ಆರ್ಡೆಟ್ಟಸ್ ಎಂಬ ಎರಡು ಗುಡ್ಡಗಳ ನಡುವೆ ಉದ್ದವಾದ ಒಂದು ಕಮರಿಯಿತ್ತು. ಎರಡು ಪಕ್ಕಗಳ ಇಳಿಜಾರೇ ಪ್ರೇಕ್ಷಕರ ಆಸನ. ನಡುವಣ ತಗ್ಗನ್ನು ಮಟ್ಟಮಾಡಿದರೆ ಓಟದ ಹಾದಿ. ಈ ನೆಲವು ಡೀನಿಯಸ್ ಎಂಬುವನ ಸ್ವತ್ತಾಗಿತ್ತು. ಲೈಕರ್ಗಸನ ಪ್ರಾರ್ಥನೆಯ ಮೇರೆಗೆ ಅವನು ಅದನ್ನು ನಗರಕ್ಕೆ ದಾನವಾಗಿ ಕೊಟ್ಟನೆಂದು ಪ್ರಾಚೀನ ವಾಗ್ಮಿಗಳ ಚರಿತ್ರೆಯಲ್ಲಿ ಹೇಳಿದೆ.

ನೆಲದ ಕೆಲಸಕ್ಕೆ ಬೇಕಾದ ಎತ್ತುಗಳ ವಿಷಯದಲ್ಲಿ ಶಾಸನಾಧಾರವೇ ಉಳಿದಿದೆ. ಕ್ರಿ. ಪೂ. ೩೩೦–೩೨೯ರ ವರ್ಷದಲ್ಲಿ ಲೈಕರ್ಗಸನು ಸೂಚಿಸಿ ಅಥೆನ್ಸಿನ ಸಭೆಯು ಒಪ್ಪಿದ ಒಂದು ನಿರ್ಣಯವು ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ. ಪ್ಲಟೇಯ ಊರಿನ ಯೂಡೆಮಸನು ಕ್ರೀಡಾಂಗಣದ ಮತ್ತು ನಾಟಕಶಾಲೆಯ ಕೆಲಸಕ್ಕೆ ಸಾವಿರ ಜೋಡಿ ಎತ್ತುಗಳ ದುಡಿಮೆಯನ್ನು ಒದಗಿಸಿ, ಅದನ್ನು ಉತ್ಸವಕ್ಕೆ ಮುಂಚೆಯೇ ಪೂರೈಸಿದನೆಂದು ಅದರಲ್ಲಿ ಹೊಗಳಿದೆ. ಪ್ರತಿಫಲವಾಗಿ ಅವನಿಗೆ ಆಲಿವ್ ಎಲೆಯ ಕಿರೀಟವೂ, ಉಪಕಾರಿಯೆಂಬ ಬಿರುದೂ, ಅಥೆನ್ಸಿನಲ್ಲಿ ಮನೆ ಭೂಮಿಗಳನ್ನು ಹೊಂದುವ ಹಕ್ಕೂ ದೊರೆತುವು. ಈ ಕೊನೆಯ ಹಕ್ಕನ್ನು ವಿಶೇಷವಾಗಿ ಕೊಡಬೇಕಾಯಿತೆಂಬುದರಿಂದಲೇ ಅವನು ಅಥೆನ್ಸಿನ ಪೌರನಲ್ಲವೆಂಬುದು ಸ್ಪಷ್ಟ. ಅಥೆನಿಯರೆಲ್ಲರ ಅಂಗಣವೆಂಬ ಹೆಸರಿನ ಸ್ಥಳವನ್ನು ಹದಮಾಡಿದ ಎತ್ತುಗಳು ಹೊರಗಿನವನೊಬ್ಬನು ಒದಗಿಸಿದುವು.

ಲೈಕರ್ಗಸನ ಕಾಲದ ಅಂಗಣವು ಸರಳವಾಗಿತ್ತು. ಮಟ್ಟಮಾಡಿದ ನೆಲ, ಅದರ ಅಂಚಿಗೆ ಒಂದು ತಡೆಗೋಡೆ, ಅಧಿಕಾರಿಗಳಿಗೂ ಗೌರವಾರ್ಹರಿಗೂ ಕೆಲವು ಆಸನಗಳು. ಉಳಿದವರೆಲ್ಲ ಗುಡ್ಡದ ಇಳುಕಲಿನ ಮಣ್ಣಿನ ಮೇಲೆಯೇ ಕುಳಿತು ನೋಡುತ್ತಿದ್ದರು. ಹೀಗೆ ಸುಮಾರು ನಾನೂರೈವತ್ತು ವರ್ಷಗಳು ಕಳೆದುವು. ಈ ಅಂಗಣವು ಆಟಕ್ಕಲ್ಲದೆ ಬೇರೆಯದಕ್ಕೂ ಬಳಕೆಯಾಗುತ್ತಿತ್ತೆಂಬುದಕ್ಕೆ ರೋಮನ್ ಚಕ್ರವರ್ತಿಯಾದ ಹೇಡ್ರಿಯನನ ಚರಿತ್ರೆಯಲ್ಲಿ ಒಂದು ಸೂಚನೆಯಿದೆ. ಅವನು ಅಥೆನ್ಸಿನ ಕ್ರೀಡಾಂಗಣದಲ್ಲಿ ಸಾವಿರ ಕಾಡುಮೃಗಗಳ ಬೇಟೆಯನ್ನು ಪ್ರದರ್ಶಿಸಿದನಂತೆ.

೩

ಮಣ್ಣಿನ ಅಂಗಣವನ್ನು ಅಮೃತಶಿಲೆಯದನ್ನಾಗಿ ಮಾಡಿದವನು ಹೆರೋಡೀಸ್ ಆಟಿಕಸ್. ಇವನು ಮ್ಯಾರಥಾನ್ ಗ್ರಾಮದಲ್ಲಿ ಹುಟ್ಟಿದವನು, ಗ್ರೀಕ್ ಅಲಂಕಾರಶಾಸ್ತ್ರದಲ್ಲಿ ಅಂದಿನ ಕಾಲಕ್ಕೆ ಅಗ್ರಗಣ್ಯನಾದ ವಿದ್ವಾಂಸ, ಮುಂದೆ ಚಕ್ರವರ್ತಿಯಾದ ಮಾರ್ಕಸ್ ಔರೀಲಿಯಸನಿಗೆ ಗುರು, ಕ್ರಿ. ಶ. ೧೪೩ರಲ್ಲಿ ರೋಮಿನ ಕಾನ್ಸಲ್ ಪದವಿಗೇರಿದವನು. ಕ್ರಿ. ಶ. ೧೪೦ರ ಸುಮಾರಿಗೆ ಪಾನಾಥೆನೈಯ ಪಂದ್ಯಗಳ ಅಧ್ಯಕ್ಷತೆಯು ಇವನಿಗೆ ಬಂದಾಗ, ಮುಂದಿನ ಉತ್ಸವಕ್ಕೆ ಬರುವವರನ್ನು ಬಿಳಿಯ ಅಮೃತಶಿಲೆಯ ಅಂಗಣದಲ್ಲಿ ಬರಮಾಡಿಕೊಳ್ಳುವುದಾಗಿ ಮಾತುಕೊಟ್ಟನು. ನಾಲ್ಕು ವರ್ಷಗಳೊಳಗಾಗಿ ಆ ಮಾತನ್ನು ನಡೆಸಿದನೆಂದು ಫಿಲೋಸ್ಟ್ರೇಟಸನು ತನ್ನ ವಿದ್ವಾಂಸಚರಿತೆಯಲ್ಲಿ ಬರೆದಿದ್ದಾನೆ. ಕಲ್ಲು ಬಂದುದು ಪೆಂಟೆಲಿಕಸ್ ಬೆಟ್ಟದಿಂದ, ಎಂದರೆ ಪಾರ್ಥಿನಾನ್ ದೇವಾಲಯಕ್ಕೆ ಕಲ್ಲನ್ನು ಕೊಟ್ಟ ಬೆಟ್ಟದಿಂದಲೇ. ಈ ಕಟ್ಟಡಕ್ಕೆ ಆ ಗಣಿಯ ಬಹುಭಾಗವು ವೆಚ್ಚವಾಯಿತೆಂದು ಪ್ರವಾಸಿಯಾದ ಪೌಸೇನಿಯಸನು ಹೇಳುತ್ತಾನೆ.

ಈ ಹೊಸ ಅಂಗಣದಲ್ಲಿ ಎರಡು ನೇರವಾದ ಪಕ್ಕಗಳೂ, ಅವನ್ನು ಒಂದು ತುದಿಯಲ್ಲಿ ಕೂಡಿಸುವ ಅರ್ಧಚಂದ್ರಾಕಾರದ ಭಾಗವೂ ಇದ್ದು, ಒಟ್ಟಿನಲ್ಲಿ ಕುದುರೆಯ ಲಾಳದ ಆಕೃತಿಯಿತ್ತು. ಅಮೃತಶಿಲೆಯ ಸೋಪಾನಪಂಕ್ತಿಗಳಲ್ಲಿ ಸುಮಾರು ೫೦,೦೦೦ ಜನರು ಕುಳಿತುಕೊಳ್ಳಬಹುದಾಗಿತ್ತು. ನಗರದ ಕಡೆಯಿಂದ ಬರುವವರಿಗಾಗಿ ಇಲಿಸ್ಸಸಿನ ಮೇಲೆ ಮೂರು ಕಮಾನುಗಳ ಸೇತುವೆಯನ್ನು ಕಟ್ಟಿದ್ದರು. ಒಳಗಿನ ತುದಿಯಲ್ಲಿ ಗುಡ್ಡವನ್ನು ಕೊರೆದು ಕಮಾನುಚಾವಣಿಯ ಒಂದು ಸುರಂಗಮಾರ್ಗವಿದ್ದಿತು. ಪಕ್ಕದ ಗುಡ್ಡದ ಮೇಲೆ ಭಾಗ್ಯದೇವತೆಯ ಆಲಯವು ನಿಂತಿತು.

ಇಷ್ಟು ವೈಭವದ ದಾನಕ್ಕೆ ಅಥೆನಿಯರು ಕೃತಜ್ಞರಾದರೇ ಎಂಬ ಪ್ರಶ್ನೆಗೆ ಫಿಲೋಸ್ಟ್ರೇಟಸನೇ ಒಂದು ವಿಚಿತ್ರವಾದ ಉತ್ತರವನ್ನು ಉಳಿಸಿದ್ದಾನೆ. ಹೆರೋಡೀಸನ ತಂದೆಯು ತನ್ನ ಮರಣಶಾಸನದಲ್ಲಿ ಅಥೆನ್ಸಿನ ಪ್ರತಿಯೊಬ್ಬ ಪೌರನಿಗೂ ವರ್ಷಕ್ಕೊಂದು ಮಿನಾದಂತೆ, ಎಂದರೆ ನೂರು ದ್ರಾಖ್ಮಗಳಂತೆ, ಕೊಡಬೇಕೆಂದು ಬರೆದಿದ್ದನು. ಮಗನು ಪೌರರೊಡನೆ ಮಾತನಾಡಿ, ವರ್ಷಾಶನಕ್ಕೆ ಬದಲಾಗಿ ಒಂದೇ ಸಲಕ್ಕೆ ಐದು ಮಿನಾಗಳನ್ನು ಕೊಡುವುದೆಂದು ಗೊತ್ತುಮಾಡಿಕೊಂಡನು. ಹಣವನ್ನು ಪಡೆಯಲು ಜನರು ಲೇವಾದೇವಿಯವರ ಕಟ್ಟೆಗೆ ಹೋದಾಗ, ಅವರ ತಂದೆತಾತಂದಿರು ಹೆರೋಡೀಸನ ಮನೆತನದಿಂದ ಪಡೆದಿದ್ದ ಸಾಲದ ಪತ್ರಗಳು ಹೊರಬಂದುವು. ಸಾಲವನ್ನು ಕಳೆದ ಮೇಲೆ ಕೆಲವರಿಗೆ ಅಲ್ಪಸ್ವಲ್ಪ ಸಿಕ್ಕಿತು. ಕೆಲವರಿಗೆ ಏನೂ ಸಿಕ್ಕಲಿಲ್ಲ. ಮತ್ತೆ ಕೆಲವರು ತಾವೇ ಬಾಕಿದಾರರಾಗಿ ನಿಂತರು. ಆಗ ಊರಿನಲ್ಲಿ ಒಂದು ಕುಹಕದ ಮಾತು ಹುಟ್ಟಿತು. ಅಂಗಣಕ್ಕೆ ಪಾನಾಥೆನೈಕವೆಂಬ ಹೆಸರು ಸಾರ್ಥಕವೇ ಸರಿ, ಏಕೆಂದರೆ ಅಥೆನಿಯರೆಲ್ಲರಿಂದಲೂ ತಪ್ಪಿಸಿದ ಹಣದಿಂದ ಅದನ್ನು ಕಟ್ಟಿದೆ ಎಂಬುದೇ ಆ ಮಾತಿನ ತಾತ್ಪರ್ಯ.

ದಾನಿಯ ಹೆಸರನ್ನು ಮಾತ್ರ ಹೊಗಳುವ ಶಾಸನಗಳಲ್ಲಿ ಇಂಥ ಮಾತುಗಳು ಸಿಕ್ಕುವುದಿಲ್ಲ. ಸಾಲದ ಲೆಕ್ಕವು ನ್ಯಾಯಸಮ್ಮತವಾಗಿದ್ದಿರಬಹುದು. ಆದರೆ ಜನರಿಗೆ ಕೈಗೆ ಬರಬೇಕಾಗಿದ್ದ ಹಣವೂ, ಕಣ್ಣೆದುರು ಎದ್ದುನಿಂತ ಕಲ್ಲೂ ಒಂದೇ ಎಂದು ತೋರಿತು. ಹೀಗಿದ್ದರೂ ಹೆರೋಡೀಸನ ಅಂತ್ಯದಲ್ಲಿ ಈ ಕಹಿಯು ಉಳಿಯಲಿಲ್ಲ. ಕ್ರಿ. ಶ. ೧೭೭ರ ಸುಮಾರಿಗೆ ಅವನು ತೀರಿಕೊಂಡಾಗ, ತನ್ನನ್ನು ಮ್ಯಾರಥಾನಿನಲ್ಲಿಯೇ ಮಣ್ಣುಮಾಡಬೇಕೆಂದು ಅವನು ವಿಧಿಸಿದ್ದರೂ, ಅಥೆನ್ಸಿನ ತರುಣರು ಅಲ್ಲಿಗೆ ಹೋಗಿ ಶವವನ್ನು ನಗರಕ್ಕೆ ಹೊತ್ತುತಂದು, ಅವನೇ ಕಟ್ಟಿಸಿದ ಕ್ರೀಡಾಂಗಣದ ಬಳಿಯಲ್ಲಿ ಸಮಾಧಿಮಾಡಿದರು. ಹಣದ ಮಾತನ್ನಾಡಿದ ತಲೆಮಾರಿನ ಮಕ್ಕಳು ಆ ಅಂಗಣದಲ್ಲಿ ಓಡಿ ಬೆಳೆದವರಾಗಿದ್ದರು.

೪

ಕ್ರಿ. ಶ. ೪ನೆಯ ಶತಮಾನದ ಅಂತ್ಯದಲ್ಲಿ ಚಕ್ರವರ್ತಿ ಥಿಯೋಡೋಸಿಯಸನು ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದ ಮೇಲೆ, ಪೂಜೆಯ ಅಂಗವಾಗಿದ್ದ ಪಂದ್ಯಗಳು ಕ್ರಮೇಣ ನಿಂತುಹೋದುವು. ಬಳಕೆ ತಪ್ಪಿದ ಕಟ್ಟಡಕ್ಕೆ ಕಾವಲು ತಪ್ಪಿತು. ಅಮೃತಶಿಲೆಯನ್ನು ಸುಟ್ಟರೆ ಉತ್ತಮವಾದ ಸುಣ್ಣವಾಗುತ್ತದೆ. ಆದಕಾರಣ ಸೋಪಾನದ ಕಲ್ಲುಗಳಲ್ಲಿ ಕೆಲವು ಬೇರೆ ಕಟ್ಟಡಗಳಿಗೂ ಬಹಳಷ್ಟು ಸುಣ್ಣದ ಗೂಡುಗಳಿಗೂ ಹೋದುವು. ಇಲಿಸ್ಸಸಿನ ಮೇಲಣ ಸೇತುವೆಯು ಬಹುಕಾಲ ನಿಂತಿದ್ದು, ೧೮ನೆಯ ಶತಮಾನದಲ್ಲಿ ಹಾಳಾಯಿತು. ಓಟದ ಹಾದಿಯು ಹೊಲವಾಯಿತು. ಸುರಂಗದೊಳಗೆ ಅಥೆನ್ಸಿನ ಕನ್ನೆಯರು ಒಳ್ಳೆಯ ಗಂಡನು ದೊರೆಯಲೆಂದು ಗುಟ್ಟಾಗಿ ಹರಕೆಯ ವಿಧಿಗಳನ್ನು ನಡೆಸುತ್ತಿದ್ದರೆಂದು ಪರದೇಶದ ಪ್ರವಾಸಿಗಳು ಬರೆದಿಟ್ಟಿದ್ದಾರೆ.

ಕಲ್ಲೆಲ್ಲ ಹೋದರೂ ಕಮರಿಯ ಆಕೃತಿಯು ಹೋಗಲಿಲ್ಲ. ಎರಡು ಗುಡ್ಡಗಳ ನಡುವಣ ಲಾಳಾಕಾರದ ತಗ್ಗನ್ನು ನೋಡಿದವರಿಗೆ ಅದು ಏನಾಗಿತ್ತೆಂಬುದರಲ್ಲಿ ಸಂದೇಹವುಂಟಾಗುವಂತಿರಲಿಲ್ಲ. ಲೈಕರ್ಗಸನು ಆರಿಸಿದ ನೆಲವು, ಹೆರೋಡೀಸನು ಹಾಸಿದ ಕಲ್ಲಿಗಿಂತ ಹೆಚ್ಚು ಬಾಳಿತು.

೫

ಗ್ರೀಸ್ ದೇಶವು ತುರ್ಕರ ಆಳಿಕೆಯಿಂದ ಬಿಡುಗಡೆ ಹೊಂದಿದ ಮೇಲೆ ಹಳೆಯ ಪಂದ್ಯಗಳನ್ನು ಮತ್ತೆ ನಡೆಸಬೇಕೆಂಬ ಆಶಯವು ಮೊದಲು ಒಬ್ಬ ಕವಿಯಲ್ಲಿ ಮೂಡಿತು. ೧೮೩೦ರ ದಶಕದಲ್ಲಿ ಪನಾಯೊಟಿಸ್ ಸೂಟ್ಸಸನು ಒಲಿಂಪಿಕ್ ಪಂದ್ಯಗಳನ್ನು ಪುನರುದ್ಧಾರ ಮಾಡಬೇಕೆಂದು ಸೂಚಿಸಿದನು. ಆ ಸೂಚನೆಗೆ ಹಣವನ್ನು ಕೊಟ್ಟವನು ರುಮೇನಿಯದಲ್ಲಿ ನೆಲೆಸಿ ಸಿರಿವಂತನಾದ ಇವಾಂಜೆಲಿಸ್ ಜಪ್ಪಾಸ್. ಅವನ ವೆಚ್ಚದಿಂದ ೧೮೫೯ರಲ್ಲಿ ಮೊದಲ ಪಂದ್ಯಗಳು ಅಥೆನ್ಸಿನ ಒಂದು ಚೌಕದಲ್ಲಿ ನಡೆದುವು. ೧೮೬೫ರಲ್ಲಿ ಅವನು ತೀರಿಕೊಂಡನು. ಆದರೆ ಪಂದ್ಯಗಳಿಗಾಗಿ ತನ್ನ ಆಸ್ತಿಯನ್ನು ಬಿಟ್ಟಿದ್ದನು. ೧೮೬೯–೭೦ರಲ್ಲಿ ಜರ್ಮನ್ ಶಿಲ್ಪಿಯಾದ ಅರ್ನ್ಸ್ಟ್ ಜಿಲ್ಲರನು ಅಂಗಣವನ್ನು ಅಗೆಯಿಸಿದನು. ಹೆರೋಡೀಸನ ಕಾಲದ ನೆಲಗಟ್ಟೂ, ಆಸನಗಳ ತುಂಡುಗಳೂ, ಓಟಗಾರರು ತಿರುಗುವ ಸ್ಥಳವನ್ನು ಸೂಚಿಸುತ್ತಿದ್ದ ಇಮ್ಮುಖದ ಹರ್ಮ್ ಕಂಬಗಳೂ ಆಗ ಹೊರಬಿದ್ದುವು. ಈ ಕಂಬಗಳ ಒಂದು ಮುಖವು ಎಳೆಯ ತರುಣನದು, ಮತ್ತೊಂದು ಗಡ್ಡವುಳ್ಳ ಮುದುಕನದು.

೧೮೭೦ರಲ್ಲಿ ಅಗೆದು ತೆಗೆದ ಈ ಅಂಗಣದಲ್ಲಿಯೇ ಪಂದ್ಯಗಳು ನಡೆದುವು. ಸುಮಾರು ೩೦,೦೦೦ ಜನರು ನೆರೆದಿದ್ದರು. ಗೆದ್ದವರಲ್ಲಿ ಕೂಲಿಯಿಂದ ಹೊಟ್ಟೆಹೊರೆಯುವವರೂ ಇದ್ದರು. ಇದು ವಿದ್ಯಾವಂತರಲ್ಲಿ ಕೆಲವರಿಗೆ ಸರಿಬೀಳಲಿಲ್ಲ. ಕ್ರೀಡೆಯು ಸುಶಿಕ್ಷಿತ ತರುಣರ ವಿನೋದವಾಗಬೇಕೆಂದು ಅವರು ವಾದಿಸಿದರು. ಅದರಂತೆ ೧೮೭೫ರ ಪಂದ್ಯಗಳಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶ ದೊರೆಯಿತು. ಆ ವರ್ಷದ ಪಂದ್ಯಗಳು ಕಳೆಗಟ್ಟಲಿಲ್ಲ. ‘ಸರ್ವ’ ಎಂಬ ಶಬ್ದಕ್ಕೆ ಯಾರು ಯಾರು ಸೇರುತ್ತಾರೆಂಬ ಹಳೆಯ ಪ್ರಶ್ನೆಯು ಹೀಗೆ ಹೊಸ ಕಾಲದಲ್ಲಿಯೂ ತಲೆಹಾಕಿತು.

೬

೧೮೯೪ರಲ್ಲಿ ಪ್ಯಾರಿಸಿನಲ್ಲಿ ಪಿಯರ್ ದ ಕೂಬರ್ತನನು ಕರೆದ ಸಭೆಯು ಮೊದಲ ಅಂತರರಾಷ್ಟ್ರೀಯ ಒಲಿಂಪಿಕ್ ಪಂದ್ಯಗಳನ್ನು ಅಥೆನ್ಸಿನಲ್ಲಿ ನಡೆಸಬೇಕೆಂದು ನಿಶ್ಚಯಿಸಿ, ಡಿಮೆಟ್ರಿಯಸ್ ವಿಕೆಲಾಸನನ್ನು ತನ್ನ ಸಮಿತಿಯ ಮೊದಲ ಅಧ್ಯಕ್ಷನನ್ನಾಗಿ ಆರಿಸಿತು. ಈ ವಿಕೆಲಾಸನು ‘ಲೂಕಿಸ್ ಲಾರಸ್’ ಎಂಬ ಕಾದಂಬರಿಯ ಕರ್ತೃ. ಷೇಕ್ಸ್‌ಪಿಯರನ ಹಲವು ನಾಟಕಗಳನ್ನು ಗ್ರೀಕಿಗೆ ತಂದ ಭಾಷಾಂತರಕಾರ. ಗ್ರೀಸ್ ದೇಶವು ಅದರ ಹಿಂದಿನ ವರ್ಷವೇ ದಿವಾಳಿಯಾಗಿತ್ತು. ಪ್ರಧಾನಮಂತ್ರಿ ಟ್ರಿಕೂಪಿಸನು ಇಂಥ ವೆಚ್ಚಕ್ಕೆ ಒಪ್ಪಲಿಲ್ಲ. ೧೮೯೫ರ ಜನವರಿಯಲ್ಲಿ ಅವನ ಮಂತ್ರಿಮಂಡಲವು ಬಿದ್ದ ಮೇಲೆ ಯುವರಾಜ ಕಾನ್ಸ್ಟಂಟೈನನ ಸಮಿತಿಯು ಕೆಲಸವನ್ನು ಮುಂದುವರಿಸಿತು. ಅಲೆಗ್ಸಾಂಡ್ರಿಯದಲ್ಲಿ ವರ್ತಕನಾಗಿದ್ದ ಜಾರ್ಜ್ ಅವೆರೋಫನು ಅಂಗಣದ ಜೀರ್ಣೋದ್ಧಾರದ ಹೊರೆಯನ್ನು ಹೊತ್ತು, ಒಟ್ಟಿನಲ್ಲಿ ೯,೨೦,೦೦೦ ದ್ರಾಖ್ಮಗಳನ್ನು ಕೊಟ್ಟನು. ಯೂಡೆಮಸನಂತೆ ಜಪ್ಪಾಸನೂ ಅವೆರೋಫನೂ ನಗರದ ಹೊರಗೆ ಬಾಳಿದವರೇ ಎಂಬುದು ಗಮನಾರ್ಹ.

ವಾಸ್ತುಶಿಲ್ಪಿಯಾದ ಅನಸ್ಟಾಸಿಯಸ್ ಮೆಟಕ್ಸಾಸನು ಜಿಲ್ಲರನ ಅಗೆತದ ಫಲಗಳನ್ನು ಅನುಸರಿಸಿ, ಹೆರೋಡೀಸನ ಕಟ್ಟಡವು ಇದ್ದಂತೆಯೇ ಅದನ್ನು ಎತ್ತಿದನು. ಕಲ್ಲು ಮತ್ತೆ ಪೆಂಟೆಲಿಕಸಿನಿಂದಲೇ ಬಂದಿತು. ಕಾಲ ಸಾಲದುದರಿಂದ ೧೮೯೬ರ ಹೊತ್ತಿಗೆ ಸೋಪಾನದ ಒಂದು ಭಾಗಕ್ಕೆ ಮಾತ್ರ ಅಮೃತಶಿಲೆಯನ್ನು ಹಾಸಿ, ಉಳಿದುದನ್ನು ಬಿಳಿಯ ಬಣ್ಣ ಹಚ್ಚಿದ ಮರದಿಂದ ತುಂಬಿದರು. ೧೯೦೦ದ ವೇಳೆಗೆ ಕಲ್ಲಿನ ಕೆಲಸವು ಪೂರ್ಣವಾಯಿತು. ಓಟದ ಹಾದಿಯನ್ನು ಹಾಕುವುದಕ್ಕೆ ಲಂಡನಿನಿಂದ ಚಾರ್ಲ್ಸ್ ಪೆರಿ ಎಂಬ ತಜ್ಞನನ್ನು ಕರೆಯಿಸಿದರು.

೧೮೯೬ರ ಏಪ್ರಿಲ್ ೬ರಂದು, ಎಂದರೆ ಗ್ರೀಕರ ಹಳೆಯ ಪಂಚಾಂಗದಂತೆ ಸ್ವಾತಂತ್ರ್ಯೋತ್ಸವದ ದಿನವಾದ ಮಾರ್ಚ್ ೨೫ರಂದು, ಅರಸ ಜಾರ್ಜನು ಪಂದ್ಯಗಳನ್ನು ಆರಂಭಿಸಿದನು. ಕೋಸ್ಟಿಸ್ ಪಲಮಾಸನು ರಚಿಸಿ ಸ್ಪಿರಿಡಾನ್ ಸಮಾರಸನು ಸ್ವರಹಾಕಿದ ಒಲಿಂಪಿಕ್ ಗೀತೆಯನ್ನು ಮೊದಲ ಸಲ ಹಾಡಿದುದು ಈ ಅಂಗಣದಲ್ಲಿ. ಓಟ, ಜಿಗಿತ, ಎಸೆತಗಳಲ್ಲದೆ ಅಂಗಸಾಧನೆ, ಭಾರವೆತ್ತುವುದು, ಕುಸ್ತಿ ಇವೆಲ್ಲವೂ ಇದೇ ನೆಲದ ಮೇಲೆ ನಡೆದುವು. ಕತ್ತಿವರಸೆಯು ಹತ್ತಿರದ ಜಪ್ಪೆಯೊನ್ ಭವನದಲ್ಲಿಯೂ, ಈಜು ಸಮುದ್ರದಲ್ಲಿಯೂ ನಡೆದುವು. ಹಾಸಿದ ಸಾಲುಗಳು ತುಂಬಿ, ಸುತ್ತಲ ಗುಡ್ಡಗಳ ಮೇಲೆಯೂ ಜನರು ನಿಂತು ನೋಡಿದರು.

ಆ ಪಂದ್ಯಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಮ್ಯಾರಥಾನ್ ಓಟ. ಇದನ್ನು ಸೂಚಿಸಿದವನು ಭಾಷಾಶಾಸ್ತ್ರಜ್ಞರಿಗೆ ಸುಪರಿಚಿತನಾದ ಮಿಶೆಲ್ ಬ್ರೆಯಾಲ್. ಶಬ್ದಾರ್ಥವಿಚಾರಕ್ಕೆ ‘ಸೆಮಾಂಟಿಕ್’ ಎಂಬ ಹೆಸರನ್ನು ರೂಢಿಗೆ ತಂದವನು ಇವನೇ. ಮ್ಯಾರಥಾನಿನ ಗೆಲುವನ್ನು ತಿಳಿಸಲು ಓಡಿಬಂದು ಪ್ರಾಣಬಿಟ್ಟ ದೂತನ ಕಥೆಯು ಹೆರೊಡೊಟಸನಲ್ಲಿ ಇಲ್ಲ. ಅವನು ಹೇಳುವುದು ಯುದ್ಧಕ್ಕೆ ಮುಂಚೆ ಸ್ಪಾರ್ಟಕ್ಕೆ ಓಡಿದ ದೂತನ ವಿಚಾರ. ಅಥೆನ್ಸಿಗೆ ಓಡಿಬಂದ ಕಥೆಯು ಶತಮಾನಗಳ ಅನಂತರ ಪ್ಲೂಟಾರ್ಕ್ ಮತ್ತು ಲೂಷಿಯನರ ಗ್ರಂಥಗಳಲ್ಲಿ ಕಾಣುತ್ತದೆ. ಇತಿಹಾಸದ ಆಧಾರವು ದುರ್ಬಲವಾಗಿದ್ದರೂ ಓಟವು ಬೇರೂರಿತು. ಏಪ್ರಿಲ್ ೧೦ರಂದು ಮಾರೂಸಿ ಗ್ರಾಮದ ನೀರು ಹೊರುವ ಸ್ಪಿರಿಡಾನ್ ಲೂಯಿಸನು ಸುಮಾರು ೪೦ ಕಿಲೋಮೀಟರುಗಳನ್ನು ೨ ಗಂಟೆ ೫೮ ನಿಮಿಷ ೫೦ ಸೆಕೆಂಡುಗಳಲ್ಲಿ ಓಡಿ ಮೊದಲಿಗನಾಗಿ ಅಂಗಣವನ್ನು ಹೊಕ್ಕನು. ರಾಜಕುಮಾರರಿಬ್ಬರು ಎದ್ದುಬಂದು ಅವನ ಜೊತೆಗೆ ಕಡೆಯ ಗೆರೆಯವರೆಗೂ ಓಡಿದರು. ೧೮೭೫ರಲ್ಲಿ ದುಡಿಮೆಗಾರನಿಗೆ ಮುಚ್ಚಿದ ಬಾಗಿಲು ಇಪ್ಪತ್ತೊಂದು ವರ್ಷಗಳ ಮೇಲೆ ಹೀಗೆ ತೆರೆಯಿತು. ಈ ಓಟವು ಲೋಕದಲ್ಲೆಲ್ಲ ಹರಡಿದ ಬಗೆಗೆ ಒಂದು ನಿದರ್ಶನ ಕನ್ನಡನಾಡಿನಲ್ಲಿಯೇ ಉಂಟು: ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಓಡಿ ೧೯ನೆಯವರಾಗಿ ಮುಗಿಸಿದರು.

ಆದರೆ ಎಲ್ಲರಿಗೂ ಬಾಗಿಲು ತೆರೆಯಲಿಲ್ಲ. ೧೮೯೬ರ ಪಂದ್ಯಗಳಲ್ಲಿ ಸ್ತ್ರೀಯರಿಗೆ ಅವಕಾಶವಿರಲಿಲ್ಲ. ಸ್ಟಮಾಟ ರೆವಿತಿ ಎಂಬ ಬಡ ತಾಯಿಯೊಬ್ಬಳು ಮ್ಯಾರಥಾನ್ ಓಟದಲ್ಲಿ ಸೇರಲು ಬಂದು ನಿರಾಕರಿಸಲ್ಪಟ್ಟು, ಮರುದಿನ ಏಪ್ರಿಲ್ ೧೧ರಂದು ಅದೇ ದಾರಿಯನ್ನು ಒಬ್ಬಳೇ ಸುಮಾರು ಐದೂವರೆ ಗಂಟೆಗಳಲ್ಲಿ ಓಡಿದಳು. ತಾನು ಹೊರಟ ಹೊತ್ತಿಗೆ ಸಾಕ್ಷಿಯಾಗಿ ಮ್ಯಾರಥಾನ್ ಗ್ರಾಮದ ಮುಖ್ಯಸ್ಥರಿಂದ ಬರಹವನ್ನೂ ಪಡೆದಿದ್ದಳು. ಅವಳ ಓಟವು ಅಂಗಣದ ಹೊರಗೇ ಮುಗಿಯಿತು.

೭

ಇದ್ದುದನ್ನು ಇದ್ದಂತೆಯೇ ಎತ್ತಿದ ಮೆಟಕ್ಸಾಸನ ನಿಷ್ಠೆಯು ಪುರಾತತ್ತ್ವದ ದೃಷ್ಟಿಯಿಂದ ಶ್ಲಾಘ್ಯವಾದುದು. ಆದರೆ ಆಟಗಾರರಿಗೆ ಅದರಿಂದ ತೊಂದರೆಯಾಯಿತು. ಪ್ರಾಚೀನ ಗ್ರೀಕರು ನೇರವಾಗಿ ಓ‌ಡಿ, ದೂರದ ಓಟಗಳಲ್ಲಿ ಕಂಬವನ್ನು ಸುತ್ತಿ ಹಿಂದಿರುಗುತ್ತಿದ್ದರು. ಅವರಿಗೆ ಉದ್ದನೆಯ ಇಕ್ಕಟ್ಟಾದ ಅಂಗಣವೇ ಸಾಕಾಗಿತ್ತು. ಆಧುನಿಕ ಓಟಕ್ಕೆ ವಿಶಾಲವಾದ ಬಳಸುದಾರಿ ಬೇಕು. ಇಂದಿನ ೪೦೦ ಮೀಟರುಗಳ ಹಾದಿಯಲ್ಲಿ ತಿರುವಿನ ತ್ರಿಜ್ಯವು ಸುಮಾರು ೩೬.೫ ಮೀಟರುಗಳಿರುತ್ತದೆ. ಪಾನಾಥೆನೈಕ ಅಂಗಣದ ನೆಲವಾದರೋ ಸುಮಾರು ೨೦೪ ಮೀಟರು ಉದ್ದ, ೩೩ ಮೀಟರು ಅಗಲ. ಅಗಲವೇ ೩೩ ಮೀಟರುಗಳಾದಾಗ ತಿರುವಿನ ತ್ರಿಜ್ಯವು ಅದರ ಅರ್ಧವನ್ನು ಮೀರುವಂತಿಲ್ಲ. ಆದಕಾರಣ ೧೮೯೬ರಲ್ಲಿಯೂ, ಇದೇ ಅಂಗಣದಲ್ಲಿ ಮತ್ತೆ ಪಂದ್ಯಗಳು ನಡೆದ ೧೯೦೬ರಲ್ಲಿಯೂ ಓಟಗಾರರು ತುದಿಗಳಲ್ಲಿ ವೇಗವನ್ನು ತಗ್ಗಿಸಿ ತಿರುಗಬೇಕಾಯಿತು. ಕಮರಿಯನ್ನು ಅಗಲಮಾಡಿದರೆ ಹೆರೋಡೀಸನ ಆಕೃತಿಯು ಕೆಡುತ್ತದೆ. ಆಕೃತಿಯನ್ನು ಉಳಿಸಿದರೆ ಓಟವು ಕೆಡುತ್ತದೆ. ಅಥೆನಿಯರು ಆಕೃತಿಯನ್ನು ಉಳಿಸಿದರು. ೧೯೬೯ರ ಐರೋಪ್ಯ ಪಂದ್ಯಗಳು ಪಿರೇಯಸ್ ಬಳಿಯ ಕರೈಸ್ಕಾಕಿಸ್ ಅಂಗಣದಲ್ಲಿ ನಡೆದುವು. ೧೯೮೨ರಲ್ಲಿ ಲೂಯಿಸನ ಊರಾದ ಮಾರೂಸಿಯಲ್ಲಿಯೇ ವಿಶಾಲವಾದ ಹೊಸ ಒಲಿಂಪಿಕ್ ಕ್ರೀಡಾಂಗಣವು ತೆರೆಯಿತು. ಅದಕ್ಕೆ ಅವನ ಹೆಸರನ್ನೇ ಇಟ್ಟರು.

ಓಟದ ಪಂದ್ಯಗಳು ಹೋದ ಮೇಲೆ ಹಳೆಯ ಅಂಗಣವು ಬರಿದಾಗಲಿಲ್ಲ. ೧೯೬೮ರ ಏಪ್ರಿಲ್ ೪ರಂದು ಇಲ್ಲಿ ಬಾಸ್ಕೆಟ್‌ಬಾಲಿನ ಅಂಕಣವನ್ನು ಹಾಕಿ ನಡೆಸಿದ ಐರೋಪ್ಯ ಪಂದ್ಯದ ಕಡೆಯ ಆಟದಲ್ಲಿ ಅಥೆನ್ಸಿನ ಎ. ಇ. ಕೆ. ತಂಡವು ಪ್ರಾಗಿನ ಸ್ಲಾವಿಯ ತಂಡವನ್ನು ೮೯–೮೨ರಿಂದ ಸೋಲಿಸಿತು. ನೋಡಲು ಬಂದವರು ಸುಮಾರು ೮೦,೦೦೦. ೧೯೯೭ರ ಲೋಕ ಅಥ್ಲೆಟಿಕ್ ಪಂದ್ಯಗಳ ಪ್ರಾರಂಭೋತ್ಸವವು ಇಲ್ಲಿ ನಡೆಯಿತು. ೨೦೦೪ರ ಒಲಿಂಪಿಕ್ಸಿಗಾಗಿ ಕಟ್ಟಡವನ್ನು ದುರಸ್ತುಗೊಳಿಸಿ, ಬಿಲ್ಲುಗಾರಿಕೆಯ ಪಂದ್ಯಗಳನ್ನು ಇಲ್ಲಿ ಇಟ್ಟರು. ಉದ್ದವಾಗಿ ಇಕ್ಕಟ್ಟಾದ ಅಂಗಣವು ಓಟಕ್ಕೆ ಒಗ್ಗದಿದ್ದರೂ ಬಾಣದ ಗುರಿಗೆ ತಕ್ಕುದಾಗಿತ್ತು. ಭಾರತದ ಬಿಲ್ಲುಗಾರರೂ ಇಲ್ಲಿ ಬಾಣ ಹೂಡಿದರು. ಅದೇ ವರ್ಷದ ಜುಲೈಯಲ್ಲಿ, ಯೂರೋಪಿನ ಕಾಲ್ಚೆಂಡಿನ ಪಂದ್ಯವನ್ನು ಗೆದ್ದುಬಂದ ಗ್ರೀಕ್ ತಂಡವನ್ನು ಜನರು ಇದೇ ಅಂಗಣದಲ್ಲಿ ಎದುರುಗೊಂಡರು.

ಈಗಿನ ಏರ್ಪಾಡು ಹೀಗಿದೆ. ಅಂಗಣದ ಮುಂಭಾಗವು ನಗರದ ಕಡೆಗೆ ತೆರೆದಿದೆ. ಅದರ ಮುಂದೆ ಹರಿಯುತ್ತಿದ್ದ ಇಲಿಸ್ಸಸ್ ಹೊಳೆಯನ್ನು ಮುಚ್ಚಿ ಮೇಲೆ ರಸ್ತೆ ಮಾಡಿದ್ದಾರೆ. ಪ್ರವೇಶದ ಬಳಿಯಲ್ಲಿ ಅವೆರೋಫನ ಪ್ರತಿಮೆಯಿದೆ. ಸೋಪಾನಪಂಕ್ತಿಗಳು ಎರಡು ಅಂತಸ್ತುಗಳಾಗಿ, ನಡುವೆ ಓಡಾಡುವ ಹಾದಿಯೊಂದಿಗೆ ಏರುತ್ತವೆ. ಸಾಲುಗಳನ್ನು ಮೆಟ್ಟಿಲುದಾರಿಗಳು ಭಾಗಮಾಡುತ್ತವೆ. ಅರ್ಧಚಂದ್ರಾಕಾರದ ತುದಿಯಲ್ಲಿ ಮರ್ಯಾದಸ್ಥರಿಗೆ ಅಮೃತಶಿಲೆಯ ಸಿಂಹಾಸನಗಳಿವೆ. ಆ ತುದಿಯ ತಿರುವಿನಲ್ಲಿ ಇಮ್ಮುಖದ ಹರ್ಮ್ ಕಂಬಗಳನ್ನು ನಿಲ್ಲಿಸಿದ್ದಾರೆ. ಹಿಂದೆ ಕನ್ನೆಯರು ಹರಕೆ ಹೊತ್ತ ಸುರಂಗದ ಮೂಲಕ ಹೋದರೆ ನಾನಾ ಒಲಿಂಪಿಕ್ಸುಗಳ ಪಂಜುಗಳನ್ನೂ ಭಿತ್ತಿಪತ್ರಗಳನ್ನೂ ಇಟ್ಟಿರುವ ಪ್ರದರ್ಶನವು ಸಿಕ್ಕುತ್ತದೆ. ಮೇಲೆ ಚಾವಣಿಯಿಲ್ಲ. ಬರಿಯ ಅಮೃತಶಿಲೆಯಿಂದಲೇ ಕಟ್ಟಿದ ದೊಡ್ಡ ಕ್ರೀಡಾಂಗಣವು ಲೋಕದಲ್ಲಿ ಇದೊಂದೇ ಎಂದು ಹೇಳುವುದುಂಟು. ಒಲಿಂಪಿಯದಲ್ಲಿ ಹೊತ್ತಿಸಿದ ಜ್ಯೋತಿಯನ್ನು ಪಂದ್ಯ ನಡೆಸುವ ನಗರದವರಿಗೆ ಒಪ್ಪಿಸುವುದೂ ಇಲ್ಲಿಯೇ; ೨೦೨೪ರ ಏಪ್ರಿಲ್ ೨೬ರಂದು ಪ್ಯಾರಿಸಿನವರು ಅದನ್ನು ಈ ಅಂಗಣದಲ್ಲಿ ಪಡೆದರು.

ಒಲಿಂಪಿಕ್ ಪದಕದ ಮೇಲಣ ಚಿತ್ರದಲ್ಲಿಯೂ ಈ ಅಂಗಣಕ್ಕೆ ನ್ಯಾಯ ದೊರೆತುದು ತಡವಾಗಿ. ೧೯೨೮ರಿಂದ ೨೦೦೦ದ ವರೆಗೆ ಪದಕದಲ್ಲಿ ಜಯದೇವತೆಯ ಹಿಂದೆ ಇದ್ದುದು ರೋಮಿನ ಕೊಲೋಸಿಯಮನ್ನು ಹೋಲುವ ಕಟ್ಟಡ. ಗ್ರೀಕರ ಓಟದ ಅಂಗಣಕ್ಕೂ ರೋಮನ್ನರು ಮನುಷ್ಯರನ್ನು ಕಾದಾಡಿಸಿದ ರಂಗಕ್ಕೂ ಇರುವ ಭೇದವನ್ನು ಅಲಕ್ಷಿಸಿದ ಈ ಚಿತ್ರವನ್ನು ೨೦೦೪ರಲ್ಲಿ ತೆಗೆದು, ಪಾನಾಥೆನೈಕ ಅಂಗಣದ ಚಿತ್ರವನ್ನು ಹಾಕಿದರು.

ಲೈಕರ್ಗಸನ ಕಾಲದಲ್ಲಿ ಪೌರರದು, ಹೆರೋಡೀಸನ ಕಾಲದಲ್ಲಿ ದಾನಿಯದು, ೧೮೭೫ರಲ್ಲಿ ವಿದ್ಯಾರ್ಥಿಗಳದು, ೧೮೯೬ರಲ್ಲಿ ಪುರುಷರದು ಆಗಿದ್ದ ಈ ಅಂಗಣವು ತನ್ನ ಹೆಸರನ್ನು ಸಾರ್ಥಕಪಡಿಸಿಕೊಳ್ಳಲು ಬಹಳ ಕಾಲವನ್ನು ತೆಗೆದುಕೊಂಡಿತು. ಪ್ರಾಚೀನ ಆಕೃತಿಯ ಇಕ್ಕಟ್ಟು ಅದನ್ನು ದಾಖಲೆಗಳ ಸ್ಪರ್ಧೆಯಿಂದ ಬಿಡಿಸಿ ಜನಸಾಮಾನ್ಯರಿಗೆ ಒಪ್ಪಿಸಿತೆಂದರೂ ಸಲ್ಲುತ್ತದೆ. ೨೦೦೪ರ ಆಗಸ್ಟ್ ೨೨ರಂದು ಸ್ತ್ರೀಯರ ಒಲಿಂಪಿಕ್ ಮ್ಯಾರಥಾನ್ ಈ ಅಂಗಣದೊಳಗೆ ಮುಕ್ತಾಯವಾಯಿತು. ಜಪಾನಿನ ಮಿಜುಕಿ ನೊಗುಚಿ ಮೊದಲಿಗಳಾದಳು. ಈಗ ಪ್ರತಿವರ್ಷವೂ ನವೆಂಬರ್ ತಿಂಗಳಿನಲ್ಲಿ ಮ್ಯಾರಥಾನ್ ಗ್ರಾಮದಿಂದ ಹೊರಟ ಸಾವಿರಾರು ಸ್ತ್ರೀಪುರುಷರು ರೆವಿತಿಯು ಓಡಿದ ದಾರಿಯಲ್ಲಿಯೇ ಬಂದು, ಅವಳಿಗೆ ದೊರೆಯದಿದ್ದ ಪ್ರವೇಶವನ್ನು ಪಡೆದು, ಅಮೃತಶಿಲೆಯ ಸಾಲುಗಳ ನಡುವೆ ತಮ್ಮ ಓಟವನ್ನು ಮುಗಿಸುತ್ತಾರೆ.